9 ತಿಂಗಳ ಮಗುವಿನ ಎಂಆರ್‌ಐ ರಿಪೋರ್ಟ್‌ನಲ್ಲಿ "ಮೆಟಬಾಲಿಕ್" ಅಂತ ಬರೆದಿದ್ದಾರೆ. ಮತ್ತೆ ಸ್ಕ್ಯಾನ್ ಮಾಡಿಸಬೇಕಾ?

ಪುಟ್ಟಿಯ_ಅಪ್ಪ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 9 ತಿಂಗಳು. ಹುಟ್ಟಿದಾಗಿನಿಂದ ತಲೆ ಸ್ವಲ್ಪ ದೊಡ್ಡದು. ಮನೆಯಲ್ಲಿ ಎಲ್ಲರೂ ತಾತನ ತಲೆ ಬಂದಿದೆ ಅನ್ನುತ್ತಿದ್ದರು, ನಾವೂ ಅಷ್ಟಕ್ಕೇ ಬಿಟ್ಟೆವು. ಕತ್ತು ನಿಲ್ಲೋದು ಸ್ವಲ್ಪ ತಡವಾಯಿತು. ಆಮೇಲೆ ಮಗುಚಿಕೊಂಡಳು, ಗಿಲಕಿ ಹಿಡಿದು ಆಡುತ್ತಿದ್ದಳು, ಹೆಸರು ಕರೆದರೆ ತಿರುಗಿ ನಗುತ್ತಿದ್ದಳು.

ಕಳೆದ ತಿಂಗಳು ಜ್ವರ, ವಾಂತಿ, ಭೇದಿ ಶುರುವಾಯಿತು. ಹಾಲು ಕುಡಿಯಲೇ ಇಲ್ಲ. ಇದ್ದಕ್ಕಿದ್ದ ಹಾಗೆ ಫಿಟ್ಸ್ ಬಂತು, ಅಡ್ಮಿಟ್ ಮಾಡಿದೆವು. ಜ್ವರ ಹೋಯಿತು, ಫಿಟ್ಸ್ ನಿಂತಿತು, ಆದರೆ ಮಗು ಮೊದಲಿನ ಹಾಗಿಲ್ಲ. ಕತ್ತು ನಿಲ್ಲುತ್ತಿಲ್ಲ. ಒಮ್ಮೆ ಮೈ ಪೂರ್ತಿ ಸಡಿಲ, ಇನ್ನೊಮ್ಮೆ ಕೈಕಾಲು ತಿರುಚಿಕೊಂಡು ಬಿಗಿಯಾಗುತ್ತದೆ, ನಾಲಿಗೆ ಹೊರಗೆ ಬರುತ್ತದೆ. ನಿದ್ದೆ ಮಾಡಿದಾಗ ಮಾತ್ರ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ.

ಅಲ್ಲೇ ಎಂಆರ್‌ಐ ಆಯಿತು. ರಿಪೋರ್ಟ್‌ನಲ್ಲಿ ಇರುವುದು ಇಷ್ಟು: ಎರಡೂ ಕಡೆ ಸಿಲ್ವಿಯನ್ ಫಿಶರ್ ಅಗಲ, ಟೆಂಪೊರಲ್ ಲೋಬ್ ಮುಂದೆ ನೀರು ಜಾಸ್ತಿ, ಅರಾಕ್ನಾಯ್ಡ್ ಸಿಸ್ಟ್ (ನೀರಿನ ಚೀಲ) ಇರಬಹುದು, ಪುಟಾಮೆನ್ ಮತ್ತು ಕಾಡೇಟ್‌ನಲ್ಲಿ ಟಿ2 ಹೈಪರ್‌ಇಂಟೆನ್ಸಿಟಿ, ಡಿಫ್ಯೂಷನ್ ರಿಸ್ಟ್ರಿಕ್ಷನ್. ಕೊನೆಗೆ "ಮೆಟಬಾಲಿಕ್ ವರ್ಕಪ್ ಮಾಡಿಸಿ". ಈಗ ಇನ್ನೊಬ್ಬ ಡಾಕ್ಟರ್ ಸ್ಪೆಕ್ಟ್ರೋಸ್ಕೋಪಿ ಜೊತೆ ಇನ್ನೊಂದು ಎಂಆರ್‌ಐ ಬರೆದುಕೊಟ್ಟಿದ್ದಾರೆ. ಸ್ಕ್ಯಾನ್ ಸೆಂಟರ್‌ಗೆ ಫೋನ್ ಮಾಡಿದರೆ ಬೆಳಿಗ್ಗೆ 11ಕ್ಕೆ ಬನ್ನಿ, ರಾತ್ರಿ 12ರಿಂದ ಹಾಲು ನೀರು ಏನೂ ಕೊಡಬೇಡಿ ಅಂದರು.

ಮೆಟಬಾಲಿಕ್ ಅಂದರೆ ರಕ್ತದ ಕಾಯಿಲೆ ಅಲ್ವಾ, ಅದು ಮಿದುಳಿನ ಸ್ಕ್ಯಾನ್‌ನಲ್ಲಿ ಹೇಗೆ ಗೊತ್ತಾಗುತ್ತದೆ? ಮತ್ತೆ ಸ್ಕ್ಯಾನ್ ಬೇಕೇ ಬೇಕಾ? ಮಗಳು ಮೊದಲಿನ ಹಾಗೆ ಆಗುತ್ತಾಳಾ? ಗೊತ್ತಿರುವವರು ದಯವಿಟ್ಟು ಹೇಳಿ. ನಮ್ಮದು ಸೋದರಮಾವನ ಸಂಬಂಧ, ಅದನ್ನೂ ಹೇಳಿಬಿಡುತ್ತೇನೆ.

---

ಮಲ್ನಾಡ್_ಕಿರಣ

ಸರ್, ಸುಮ್ನೆ ಗಾಬರಿ ಆಗಬೇಡಿ. ನಮ್ಮ ಅಕ್ಕನ ಮಗನಿಗೂ ತಲೆ ದೊಡ್ಡದಿತ್ತು, ಸ್ಕ್ಯಾನ್‌ನಲ್ಲಿ ನೀರು ಜಾಸ್ತಿ ಅಂದಿದ್ದರು. ಎರಡು ವರ್ಷಕ್ಕೆ ತಾನಾಗಿ ಸರಿಹೋಯಿತು. ಸಿಸ್ಟ್ ಇದ್ದರೆ ಒಬ್ಬ ನ್ಯೂರೋ ಸರ್ಜನ್‌ಗೆ ತೋರಿಸಿ, ನೀರು ತೆಗೆದರೆ ಆರಾಮಾಗಬಹುದು.

---

ರೇಡಿಯಾಲಜಿ_ಹುಬ್ಬಳ್ಳಿ

ಮೊದಲು ಅವಸರದ ಮಾತು. ರಾತ್ರಿ 12ರಿಂದ ಬೆಳಿಗ್ಗೆ 11ರ ತನಕ ಈ ಮಗುವನ್ನು ಉಪವಾಸ ಇಡಬೇಡಿ. ಯಾರು ಹೇಳಿದ್ದರೂ ಸರಿ, ಇಡಬೇಡಿ. ಮಾಮೂಲಿ ಮಕ್ಕಳಿಗೇ ಅಷ್ಟು ಹೊತ್ತು ಬೇಕಿಲ್ಲ: ಎದೆಹಾಲಿಗೆ 4 ಗಂಟೆ, ಪುಡಿ ಹಾಲಿಗೆ ಮತ್ತು ಗಟ್ಟಿ ಊಟಕ್ಕೆ 6 ಗಂಟೆ, ತಿಳಿ ನೀರಿಗೆ 2 ಗಂಟೆ ಅಂತರ ಸಾಕು. ಮೆಟಬಾಲಿಕ್ ಅನುಮಾನ ಇರುವ ಮಗುವಿಗೆ ಆ ಅಂತರದಲ್ಲೂ ಗ್ಲೂಕೋಸ್ ಡ್ರಿಪ್ ಓಡುತ್ತಿರಬೇಕು. ಹೊಟ್ಟೆ ಖಾಲಿಯಾದರೆ ದೇಹ ತನ್ನದೇ ಪ್ರೋಟೀನ್ ಕರಗಿಸಲು ಶುರು ಮಾಡುತ್ತದೆ, ಮೊದಲ ಸಲ ಜ್ವರದಲ್ಲಿ ಆಗಿದ್ದು ಬಹುಶಃ ಅದೇ. ಸ್ಕ್ಯಾನ್ ಮಾಡಿಸಲು ಹೋಗಿ ಇನ್ನೊಂದು ಪೆಟ್ಟು ತಿನ್ನುವುದು ಬೇಡ.

ಈಗ ನಿಮ್ಮ ಪ್ರಶ್ನೆ. ರಿಪೋರ್ಟ್ ಓದಿದರೆ ಯಾವ ರೇಡಿಯಾಲಜಿಸ್ಟ್‌ಗಾದರೂ ಮೊದಲು ಹೊಳೆಯುವ ಹೆಸರು ಗ್ಲುಟಾರಿಕ್ ಆಸಿಡ್ಯೂರಿಯಾ ಟೈಪ್ 1, ಎಲ್ಲರೂ ಜಿಎ1 ಅನ್ನುತ್ತಾರೆ. ಚಿತ್ರ ನೋಡದೆ ಇದೇ ಕಾಯಿಲೆ ಅಂತ ನಾನು ಹೇಳಲಾರೆ, ನೋಡಿದರೂ ಚಿತ್ರ ಒಂದರಿಂದಲೇ ಹೇಳುವ ಹಾಗಿಲ್ಲ. ಆದರೆ ದೊಡ್ಡ ತಲೆ, ಜ್ವರದ ನಂತರ ಬಂದ ತಿರುಚುವಿಕೆ, ಈ ರಿಪೋರ್ಟ್, ಮೂರೂ ಒಂದೇ ಕಡೆ ಕೈ ತೋರಿಸುತ್ತಿವೆ.

ನಾವು ತಿನ್ನುವ ಪ್ರೋಟೀನ್‌ನಲ್ಲಿ ಲೈಸಿನ್, ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಗಳಿರುತ್ತವೆ. ಅವನ್ನು ಒಡೆಯುವ ದಾರಿಯಲ್ಲಿ ಒಂದು ಕಿಣ್ವ ಬೇಕು. ಜಿಸಿಡಿಎಚ್ ಎಂಬ ಜೀನ್‌ನಲ್ಲಿ ದೋಷವಿದ್ದರೆ ಆ ಕಿಣ್ವ ಕೆಲಸ ಮಾಡುವುದಿಲ್ಲ. ಅರ್ಧಕ್ಕೆ ಒಡೆದ ಗ್ಲುಟಾರಿಕ್ ಆಮ್ಲ, 3-ಹೈಡ್ರಾಕ್ಸಿ ಗ್ಲುಟಾರಿಕ್ ಆಮ್ಲ ಉಳಿದುಬಿಡುತ್ತವೆ. ಇವು ಮಿದುಳಿನ ಒಳಗೂ ತಯಾರಾಗುತ್ತವೆ, ಅಲ್ಲಿಂದ ರಕ್ತಕ್ಕೆ ಸುಲಭವಾಗಿ ಹೊರಬರುವುದಿಲ್ಲ. ಅಲ್ಲೇ ಜಮೆಯಾಗುತ್ತವೆ. ಪುಟಾಮೆನ್, ಕಾಡೇಟ್ ಅನ್ನುವುದು ಮಿದುಳಿನ ಆಳದ ಭಾಗಗಳು, ಕೈಕಾಲಿನ ಚಲನೆಯನ್ನು ಹದದಲ್ಲಿ ಇಡುವುದು ಅವೇ. ಅವಕ್ಕೆ ಶಕ್ತಿ ಜಾಸ್ತಿ ಬೇಕು, ಅದಕ್ಕೆ ಪೆಟ್ಟು ಮೊದಲು ಅಲ್ಲಿಗೇ. ಹೀಗೆ ರಕ್ತದ ರಸಾಯನದ ತೊಂದರೆ ಎಂಆರ್‌ಐನಲ್ಲಿ ಒಂದು ನಮೂನೆಯಾಗಿ ಕಾಣುತ್ತದೆ.

ನಿಮ್ಮ ರಿಪೋರ್ಟ್‌ನಲ್ಲಿ ಎರಡು ಬೇರೆ ಬೇರೆ ಕಥೆ ಇದೆ. ಸಿಲ್ವಿಯನ್ ಫಿಶರ್ ಅಗಲವಾಗಿರುವುದು ಹಳೆಯದು. ಹಣೆ ಕಡೆಯ ಮತ್ತು ಕಿವಿ ಕಡೆಯ ಮಿದುಳು ಬೆಳೆದು ಆ ಸಂದನ್ನು ಮುಚ್ಚಬೇಕಿತ್ತು, ಮುಚ್ಚಿಲ್ಲ. ಇದು ಹುಟ್ಟುವಾಗಲೇ ಇರುತ್ತದೆ, ಮಗು ನಗುತ್ತಾ ಆಡುತ್ತಿದ್ದಾಗಲೂ ಇತ್ತು. ಬೇಗ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಈ ಸಂದು ಕಡಿಮೆಯಾಗಿದ್ದೂ ಇದೆ. ಪುಟಾಮೆನ್ ಮತ್ತು ಕಾಡೇಟ್‌ನದು ಹೊಸ ಗಾಯ. ಡಿಫ್ಯೂಷನ್ (ಅಂಗಾಂಶದಲ್ಲಿ ನೀರಿನ ಓಡಾಟ ತೋರಿಸುವ ಎಂಆರ್‌ಐ ಚಿತ್ರ) ನೋಡಿದಾಗ ಬೆಳ್ಳಗೆ ಹೊಳೆಯುತ್ತಿದೆ ಅಂದರೆ ಆ ಜ್ವರದ ಸಮಯದಲ್ಲೇ ಜೀವಕೋಶಗಳಿಗೆ ಪೆಟ್ಟಾಗಿದೆ.

@ಮಲ್ನಾಡ್_ಕಿರಣ, ನಿಮ್ಮ ಕಾಳಜಿ ಗೊತ್ತಾಗುತ್ತದೆ. ತಲೆ ದೊಡ್ಡದಿದ್ದು ಸುತ್ತ ಸ್ವಲ್ಪ ನೀರು ಜಾಸ್ತಿ ಇರುವುದು ಎಷ್ಟೋ ಮಕ್ಕಳಲ್ಲಿ ನಿಜವಾಗಿಯೂ ತಾನಾಗಿ ಸರಿಹೋಗುತ್ತದೆ. ಆದರೆ ಆ ಮಕ್ಕಳ ಪುಟಾಮೆನ್ ಸರಿ ಇರುತ್ತದೆ. ಇಲ್ಲಿ ಹಾಗಿಲ್ಲ. ಸಿಸ್ಟ್ ಅಂತ ಕಾಣುತ್ತಿರುವುದೂ ಈ ಕಾಯಿಲೆಯ ಭಾಗವೇ ಆಗಿರಬಹುದು. ಮೆಟಬಾಲಿಕ್ ಟೆಸ್ಟ್ ಆಗುವ ಮುಂಚೆ ಆಪರೇಷನ್ ಮಾತು ಎತ್ತಲೇಬಾರದು, ಆಪರೇಷನ್‌ಗೆ ಇಡುವ ಉಪವಾಸ, ಆಮೇಲಿನ ಜ್ವರ ಎಲ್ಲವೂ ಅಪಾಯ.

ಮತ್ತೆ ಸ್ಕ್ಯಾನ್ ಬೇಕಾ ಅಂದರೆ, ನನ್ನ ಅಭಿಪ್ರಾಯದಲ್ಲಿ ಈಗ ತುರ್ತಿಲ್ಲ. ಸ್ಪೆಕ್ಟ್ರೋಸ್ಕೋಪಿ ಬೇರೆ ಕೆಲವು ಕಡೆ ತುಂಬಾ ಉಪಯೋಗ. ಮಿದುಳಿನ ಒಂದು ಸಣ್ಣ ಚೌಕದೊಳಗೆ ಯಾವ ರಾಸಾಯನಿಕ ಎಷ್ಟಿದೆ ಅಂತ ಗೆರೆಯಾಗಿ ತೋರಿಸುತ್ತದೆ. ಲೀ ಸಿಂಡ್ರೋಮ್ ಥರದ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಕೊಡುವ ಭಾಗ) ಕಾಯಿಲೆಯಲ್ಲಿ ಲ್ಯಾಕ್ಟೇಟ್‌ನ ಜೋಡಿ ಶಿಖರ ಏಳುತ್ತದೆ. ಕ್ಯಾನವಾನ್ ಎಂಬ ಕಾಯಿಲೆಯಲ್ಲಿ ಎನ್‌ಎಎ ಎಂಬ ರಾಸಾಯನಿಕದ ಶಿಖರ ಮಿತಿಮೀರಿ ಎತ್ತರ. ಕ್ರಿಯಾಟಿನ್ ಕೊರತೆಯಲ್ಲಿ ಮಾಮೂಲಿ ಎಂಆರ್‌ಐ ಹೆಚ್ಚುಕಡಿಮೆ ಚೆನ್ನಾಗೇ ಕಾಣುತ್ತದೆ, ಸ್ಪೆಕ್ಟ್ರೋಸ್ಕೋಪಿಯಲ್ಲಿ ಮಾತ್ರ ಇರಬೇಕಾದ ಕ್ರಿಯಾಟಿನ್ ಶಿಖರವೇ ನಾಪತ್ತೆ. ಜಿಎ1ರಲ್ಲಿ ಅದು ಹೇಳುವ ಹೊಸ ವಿಷಯ ಕಡಿಮೆ. ಉತ್ತರ ಇರುವುದು ರಕ್ತದಲ್ಲಿ, ಮೂತ್ರದಲ್ಲಿ. ನಿಮ್ಮ ಡಾಕ್ಟರ್ ಮನಸ್ಸಲ್ಲಿ ಬೇರೆ ಕಾರಣ ಇದ್ದರೂ ಇರಬಹುದು, ಕೇಳಿ. ಮತ್ತೆ ಮಾಡಲೇಬೇಕು ಅಂದರೆ ಮಕ್ಕಳ ಅನಸ್ತೇಷಿಯಾ ಡಾಕ್ಟರ್ ಇರುವ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿ ಮಾಡಿಸಿ, ಹೊರಗಿನ ಸೆಂಟರ್‌ನಲ್ಲಿ ಬೇಡ.

ಇನ್ನೊಂದು. ಫಿಲ್ಮ್ ಮಾತ್ರ ತರಬೇಡಿ, ಸಿಡಿ ಕೇಳಿ ತೆಗೆದುಕೊಳ್ಳಿ. ಫಿಲ್ಮ್‌ನಲ್ಲಿ ಆಯ್ದ ಚಿತ್ರಗಳಷ್ಟೇ ಇರುತ್ತವೆ. ಸಿಡಿ ಇದ್ದರೆ ಬೆಂಗಳೂರಿನಲ್ಲಿ ಪೂರ್ತಿ ನೋಡಬಹುದು, ಎಷ್ಟೋ ಸಲ ಎರಡನೇ ಸ್ಕ್ಯಾನ್ ಬೇಕಾಗುವುದೇ ಇಲ್ಲ.

---

ತುಮಕೂರಿನ_ತಾಯಿ

ಅಣ್ಣ, ನನ್ನ ಮಗನಿಗೆ ಜಿಎ1. ಈಗ ಶಾಲೆಗೆ ಹೋಗುತ್ತಾನೆ, ವೀಲ್‌ಚೇರ್‌ನಲ್ಲಿ. ನೀವು ಬರೆದಿದ್ದು ಓದಿ ಕೈ ನಡುಗಿತು. ತಾತನ ತಲೆ ಅನ್ನೋ ಮಾತು ನಮ್ಮ ಮನೆಯಲ್ಲೂ ಇತ್ತು.

ಡಾಕ್ಟರ್ ಹೇಳಿದ ಉಪವಾಸದ ಮಾತು ಸುಮ್ನೆ ಓದಿ ಬಿಡಬೇಡಿ. ನಮ್ಮದೇ ನಡೆದಿದ್ದು ಹೇಳುತ್ತೇನೆ. ಎರಡನೇ ಸಲ ಸ್ಕ್ಯಾನ್ ಮಾಡಿಸುವಾಗ ಡ್ರಿಪ್ ಹಾಕಿಕೊಂಡೇ ಕರೆದುಕೊಂಡು ಹೋದೆವು. ಬಾಗಿಲ ಹತ್ತಿರ ಟೆಕ್ನಿಶಿಯನ್ ತಡೆದರು: ಡ್ರಿಪ್ ಓಡಿಸುವ ಪಂಪ್‌ನಲ್ಲಿ ಕಬ್ಬಿಣ ಇರುತ್ತದೆ, ಎಂಆರ್‌ಐ ರೂಮಿನೊಳಗೆ ತರುವ ಹಾಗಿಲ್ಲ. ಅದು ಸರಿಯೇ, ಆ ಅಯಸ್ಕಾಂತ ಎಳೆದುಕೊಂಡು ಬಿಡುತ್ತದೆ. ಆದರೆ ನರ್ಸ್ ಡ್ರಿಪ್ಪನ್ನೇ ಬಿಚ್ಚಿ ಪಕ್ಕಕ್ಕಿಡಲು ಹೊರಟರು. ಒಳಗೆ ಮಾಮೂಲಿಗಿಂತ ಜಾಸ್ತಿ ಹೊತ್ತಾಗುತ್ತದೆ ಅಂತ ಗೊತ್ತಿತ್ತು, ನಾನು ಬಿಡಲಿಲ್ಲ. ಅನಸ್ತೇಷಿಯಾ ಡಾಕ್ಟರ್ ಬಂದು ಒಂದಕ್ಕೊಂದು ಟ್ಯೂಬ್ ಸೇರಿಸಿ ಉದ್ದ ಮಾಡಿಸಿ, ಪಂಪನ್ನು ಹೊರಗೇ ಇಟ್ಟು, ಟ್ಯೂಬನ್ನು ಗೋಡೆಯ ಕಿಂಡಿಯಿಂದ ಒಳಗೆ ಬಿಟ್ಟರು. ಮುಗಿದ ತಕ್ಷಣ ಶುಗರ್ ನೋಡಿದರು. ಇದನ್ನೆಲ್ಲ ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಜಗಳ ಆಡೋದಲ್ಲ, ಹಿಂದಿನ ದಿನವೇ ಮಾತಾಡಿಕೊಳ್ಳಬೇಕು. "ಮಗುವಿಗೆ ಮೆಟಬಾಲಿಕ್ ಅನುಮಾನ ಇದೆ, ಡ್ರಿಪ್ ನಿಲ್ಲಿಸಬಾರದು, ಲಿಸ್ಟ್‌ನಲ್ಲಿ ಮೊದಲ ಕೇಸ್ ಮಾಡಿ" ಅಂತ ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ.

ಮನೆಯಲ್ಲಿ ಈಗಿಂದಲೇ: ಜ್ವರ, ವಾಂತಿ, ಭೇದಿ ಯಾವುದೇ ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೊರಡಿ. ನಾವು ಆಸ್ಪತ್ರೆಯಿಂದ ಒಂದು ತುರ್ತು ಪತ್ರ ಬರೆಸಿ ಲ್ಯಾಮಿನೇಟ್ ಮಾಡಿಸಿದ್ದೇವೆ. ಕಾಯಿಲೆಯ ಹೆಸರು, ತೂಕ, ಯಾವ ಡ್ರಿಪ್, ಎಷ್ಟು ವೇಗ, ಕಾರ್ನಿಟಿನ್ (ದೇಹದಲ್ಲೂ ಇರುವ, ಆ ಆಮ್ಲವನ್ನು ಹೊರಹಾಕಲು ಸಹಾಯ ಮಾಡುವ ವಸ್ತು) ಎಷ್ಟು, ಪ್ರೋಟೀನ್ ಎಷ್ಟು ಹೊತ್ತು ನಿಲ್ಲಿಸಬೇಕು, ಎಲ್ಲ ಅದರಲ್ಲಿದೆ. ಎಮರ್ಜೆನ್ಸಿಯಲ್ಲಿ ಕೂತಿರುವ ಹುಡುಗ ಡಾಕ್ಟರ್ ಈ ಹೆಸರು ಕೇಳಿರುವುದಿಲ್ಲ, ಅವರನ್ನು ದೂರಿ ಪ್ರಯೋಜನ ಇಲ್ಲ. ಪತ್ರ ಕೊಟ್ಟರೆ ಅವರಿಗೂ ಧೈರ್ಯ.

ಊಟದ ವಿಷಯ, ಡಯಟಿಷಿಯನ್ ಹೇಳುವ ತನಕ ನೀವಾಗಿ ಏನೂ ನಿಲ್ಲಿಸಬೇಡಿ. ಆಮೇಲೆ ಗೊತ್ತಾಗುತ್ತದೆ, ಬೇಳೆ, ಹಾಲು, ಮೊಟ್ಟೆಯಲ್ಲಿ ಲೈಸಿನ್ ಜಾಸ್ತಿ, ಅಕ್ಕಿ, ಗೋಧಿಯಲ್ಲಿ ಕಡಿಮೆ. ಮಗುವಿಗೆ ಬೇಳೆಕಟ್ಟು ಕುಡಿಸಿ ಶಕ್ತಿ ಬರುತ್ತೆ ಅಂತ ಹಿರಿಯರು ಹೇಳುತ್ತಾರಲ್ಲ, ಅದನ್ನೇ ನಾವು ಅಳೆದು ಕೊಡಬೇಕು. ಎದೆಹಾಲು ಪೂರ್ತಿ ಬಿಡಿಸೋದಿಲ್ಲ, ಲೈಸಿನ್ ಇಲ್ಲದ ಪುಡಿಯ ಜೊತೆ ಲೆಕ್ಕ ಹಾಕಿ ಕೊಡಿಸುತ್ತಾರೆ. ತಾಯಿಗೆ ಇದನ್ನು ಹೇಳಿ, ತನ್ನ ಹಾಲಿನಿಂದಲೇ ಹೀಗಾಯಿತು ಅಂತ ಒಳಗೊಳಗೇ ಕೊರಗುತ್ತಿರುತ್ತಾರೆ. ಸೋದರಮಾವನ ಸಂಬಂಧ ಅಂತ ಯಾರಾದರೂ ಚುಚ್ಚಿದರೂ ಕಿವಿಗೆ ಹಾಕಿಕೊಳ್ಳಬೇಡಿ. ನಮ್ಮದು ಸಂಬಂಧವೇ ಅಲ್ಲ, ನಮಗೂ ಬಂತು.

---

ಪುಟ್ಟಿಯ_ಅಪ್ಪ (ದಾವಣಗೆರೆ)

ಕಣ್ಣು ತುಂಬಿ ಬಂತು ಅಕ್ಕ. ಸ್ಕ್ಯಾನ್ ಸೆಂಟರ್ ಬುಕಿಂಗ್ ಕ್ಯಾನ್ಸಲ್ ಮಾಡಿದೆ. ನಾಳೆ ರಾತ್ರಿ ಬೆಂಗಳೂರಿಗೆ ಹೊರಡುತ್ತಿದ್ದೇವೆ. ಸಿಡಿ ಸಿಕ್ಕಿತು.

ಮೂತ್ರದ ಟೆಸ್ಟ್ ಇಲ್ಲೇ ಒಂದು ಲ್ಯಾಬ್‌ಗೆ ಕಳಿಸಿದ್ದರು, "ಗ್ಲುಟಾರಿಕ್ ಆಸಿಡ್ ಸ್ವಲ್ಪವೇ ಜಾಸ್ತಿ, ಖಚಿತವಿಲ್ಲ" ಅಂತ ಈಗ ಬಂದಿದೆ. ಅಂದರೆ ಜಿಎ1 ಅಲ್ಲ ಅಂತ ಅರ್ಥವಾ? ಫಿಟ್ಸ್‌ಗೆ ವಾಲ್‌ಪ್ರೋಯೇಟ್ ಸಿರಪ್ ನಡೆಯುತ್ತಿದೆ. ಊರಲ್ಲಿ ಎಲ್ಲರೂ ಇದು ಸಿಪಿ (ಸೆರೆಬ್ರಲ್ ಪಾಲ್ಸಿ), ಫಿಸಿಯೋಥೆರಪಿ ಮಾಡಿಸಿ ಸಾಕು ಅನ್ನುತ್ತಿದ್ದಾರೆ.

---

ಮಕ್ಕಳ_ನರವೈದ್ಯ

ಅಲ್ಲ ಅಂತ ಅರ್ಥವಲ್ಲ. ಜಿಎ1ರಲ್ಲಿ ಕೆಲವು ಮಕ್ಕಳ ಮೂತ್ರದಲ್ಲಿ ಗ್ಲುಟಾರಿಕ್ ಆಮ್ಲ ಕಡಿಮೆಯೇ ಹೋಗುತ್ತದೆ. ಮೂತ್ರ ಚೆನ್ನಾಗಿ ಕಂಡರೂ ಮಿದುಳಿಗೆ ಆಗುವ ಅಪಾಯ ಅವರಿಗೇನೂ ಕಡಿಮೆಯಲ್ಲ, ಇದನ್ನು ಮರೆಯಬಾರದು. 3-ಹೈಡ್ರಾಕ್ಸಿ ಗ್ಲುಟಾರಿಕ್ ಆಮ್ಲ ಇದೆಯಾ ಅಂತ ಅದೇ ರಿಪೋರ್ಟ್‌ನಲ್ಲಿ ನೋಡಿ, ಅದು ಹೆಚ್ಚು ನಂಬಬಹುದಾದ ಗುರುತು. ರಕ್ತದ ಚುಕ್ಕೆಯಲ್ಲಿ ಟಿಎಂಎಸ್ (ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಪರೀಕ್ಷೆ) ಮಾಡಿ ಗ್ಲುಟಾರಿಲ್ ಕಾರ್ನಿಟಿನ್ ನೋಡುತ್ತಾರೆ, ರಿಪೋರ್ಟ್‌ನಲ್ಲಿ ಸಿ5ಡಿಸಿ ಅಂತ ಇರುತ್ತದೆ. ದೇಹದಲ್ಲಿ ಕಾರ್ನಿಟಿನ್ ಬತ್ತಿಹೋಗಿದ್ದರೆ ಅದೂ ಏರದೆ ಮೋಸ ಮಾಡಬಹುದು. ಆಗ ಜೀನ್ ಟೆಸ್ಟ್ ನೋಡುತ್ತೇವೆ. ಇಂಥ ಕಡೆಯೇ ಎಂಆರ್‌ಐ ನಮ್ಮ ಕೈ ಹಿಡಿಯುವುದು: ಮೂತ್ರ ಹೌದೋ ಅಲ್ಲವೋ ಅಂದಾಗ, ಚಿತ್ರ ಇಷ್ಟು ಸ್ಪಷ್ಟವಾಗಿದ್ದರೆ ಹುಡುಕುವುದನ್ನು ಬಿಡುವುದಿಲ್ಲ. ಚಿಕಿತ್ಸೆಯನ್ನೂ ಜೀನ್ ರಿಪೋರ್ಟ್ ಬರಲಿ ಅಂತ ಕಾಯಿಸುವುದಿಲ್ಲ, ಅದಕ್ಕೆ ವಾರಗಟ್ಟಲೆ ಬೇಕು.

ವಾಲ್‌ಪ್ರೋಯೇಟ್ ವಿಷಯ ನಾಳೆ ಅಲ್ಲ, ಇವತ್ತೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ. ಜಿಎ1ರಲ್ಲಿ ಆ ಔಷಧಿ ಬಳಸಬಾರದು, ಕಾರ್ನಿಟಿನ್‌ಗೂ ಹೊಡೆತ ಕೊಡುತ್ತದೆ. ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಮರಳಬಹುದು. ಬದಲಿ ಔಷಧಿ ಕೇಳಿ, ಇವೆ. ರಾತ್ರಿ ಪ್ರಯಾಣದಲ್ಲೂ ಹಾಲು ತಪ್ಪದಂತೆ ನೋಡಿಕೊಳ್ಳಿ.

ಸಿಪಿ ಅನ್ನುವವರಿಗೆ ಒಂದು ವಿಷಯ. ಅಮೆರಿಕದ ಪೆನ್ಸಿಲ್ವೇನಿಯಾದ ಅಮಿಶ್ ಎಂಬ ಕ್ರೈಸ್ತ ಪಂಗಡದ ಜನರಲ್ಲಿ ಹೀಗೇ ಸಿಪಿ ಅಂತ ಹೇಳಿಸಿಕೊಂಡ ಮಕ್ಕಳು ಬಹಳ ಇದ್ದರು. ಡಾ. ಹೋಮ್ಸ್ ಮಾರ್ಟನ್ ಎಂಬ ಮಕ್ಕಳ ವೈದ್ಯರು ಅವರಲ್ಲಿ ಹಲವರಿಗೆ ಇರುವುದು ಜಿಎ1 ಅಂತ ಪತ್ತೆ ಮಾಡಿದರು, 1989ರಲ್ಲಿ ಅಲ್ಲೇ ಕ್ಲಿನಿಕ್ ಶುರು ಮಾಡಿದರು. ಆಮೇಲೆ ಹುಟ್ಟಿದ ಮಕ್ಕಳನ್ನು ಜ್ವರ ಬರುವ ಮುಂಚೆಯೇ ಗುರುತಿಸಿ ಕಾಪಾಡಲು ಆಯಿತು. ನಮ್ಮಲ್ಲಿ ಹುಟ್ಟುವಾಗ ಚೆನ್ನಾಗಿ ಅತ್ತು, ತಿಂಗಳುಗಟ್ಟಲೆ ಚೆನ್ನಾಗಿ ಬೆಳೆದು, ಜ್ವರದ ನಂತರ ಹೀಗಾದ ಮಗುವಿಗೂ ಸಿಪಿ ಅಂತ ಫೈಲ್ ಮೇಲೆ ಬರೆದುಬಿಡುತ್ತಾರೆ. ನನಗೆ ಇದು ಬಹಳ ನೋವಿನ ವಿಷಯ. ಫಿಸಿಯೋಥೆರಪಿ ಬೇಕೇ ಬೇಕು, ಆದರೆ ಅದೊಂದೇ ಸಾಲದು.

ಮೊದಲಿನ ಹಾಗೆ ಆಗುತ್ತಾಳಾ ಎಂದು ಕೇಳಿದ್ದೀರಿ. ಪುಟಾಮೆನ್‌ಗೆ ಆದ ಗಾಯ ಹೆಚ್ಚಾಗಿ ಹಿಂದಕ್ಕೆ ಹೋಗುವುದಿಲ್ಲ. ತಿರುಚುವಿಕೆ ಕಡಿಮೆ ಮಾಡಲು ಔಷಧಿಗಳಿವೆ, ಹಿಡಿತ ಸುಧಾರಿಸಬಹುದು. ಬುದ್ಧಿ ಎಷ್ಟೋ ಮಕ್ಕಳಲ್ಲಿ ಮೈಗಿಂತ ಚೆನ್ನಾಗಿ ಉಳಿದಿರುತ್ತದೆ, ಮಾತು ಬರದಿದ್ದರೂ ಎಲ್ಲ ಅರ್ಥವಾಗುತ್ತಿರುತ್ತದೆ. ಅವಳ ಜೊತೆ ಮಾತಾಡುವುದನ್ನು ನಿಲ್ಲಿಸಬೇಡಿ. ಇಂಥ ಪೆಟ್ಟು ಬೀಳುವುದು ಹೆಚ್ಚಾಗಿ 3ರಿಂದ 36 ತಿಂಗಳೊಳಗೆ, 6 ವರ್ಷದ ನಂತರ ಅಪರೂಪ. ಅಲ್ಲಿಯವರೆಗೆ ಪ್ರತಿ ಜ್ವರವನ್ನೂ ಹುಷಾರಾಗಿ ದಾಟಿಸಬೇಕು.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಮಣಿಪಾಲದ ಕೆಎಂಸಿಯಲ್ಲೂ ಜೆನೆಟಿಕ್ಸ್ ವಿಭಾಗ ಇದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಜಿಎ1 ಹೆಸರು ಇದೆ. ಅದರಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಆಸ್ಪತ್ರೆ ಸೇರಿ ಒಂದು ಕೇಂದ್ರವಾಗಿದೆ, 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶ ಇದೆ. ಆ ವಿಶೇಷ ಹಾಲಿನ ಪುಡಿ ದುಬಾರಿ, ಖಚಿತವಾದ ತಕ್ಷಣ ಅಲ್ಲಿ ಹೆಸರು ಬರೆಸಿ.

---

ರೈನ್_ತೀರದ_ಕನ್ನಡತಿ

ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿ 2005ರಿಂದ ಪ್ರತಿ ಮಗುವಿಗೂ ಹುಟ್ಟಿದ ಎರಡು ಮೂರು ದಿನದಲ್ಲಿ ಹಿಮ್ಮಡಿಯಿಂದ ರಕ್ತದ ಚುಕ್ಕೆ ತೆಗೆದು ಜಿಎ1 ನೋಡುತ್ತಾರೆ. ನನ್ನ ಮಗಳದು ಹಾಗೇ ಗೊತ್ತಾಯಿತು. ಅವಳ ಮೊದಲ ಎಂಆರ್‌ಐನಲ್ಲೂ ಸಿಲ್ವಿಯನ್ ಸಂದು ಅಗಲವಾಗಿಯೇ ಇತ್ತು, ಪುಟಾಮೆನ್ ಮಾತ್ರ ಚೆನ್ನಾಗಿತ್ತು. ಹಾಲಿನ ಪುಡಿ, ಕಾರ್ನಿಟಿನ್, ಜ್ವರ ಬಂದರೆ ಕಾಯದೆ ಆಸ್ಪತ್ರೆ, ಇಷ್ಟೇ. ಈಗ ಓಡಾಡುತ್ತಾಳೆ, ಸೈಕಲ್ ಹೊಡೆಯುತ್ತಾಳೆ. ಇದನ್ನು ನಿಮಗೆ ನೋವು ಮಾಡಲು ಹೇಳುತ್ತಿಲ್ಲ. ಒಂದು ಕೇಳಬೇಕಿತ್ತು: ನಿಮಗೆ ಬೇರೆ ಮಕ್ಕಳಿದ್ದಾರಾ? ಇದ್ದರೆ, ಎಷ್ಟೇ ಆರೋಗ್ಯವಾಗಿದ್ದರೂ ಅವರಿಗೂ ಟೆಸ್ಟ್ ಮಾಡಿಸಿ. ಪ್ರತಿ ಬಸಿರಿನಲ್ಲೂ 25 ಪರ್ಸೆಂಟ್ ಸಾಧ್ಯತೆ ಇರುತ್ತದೆ. ನಿಮ್ಮ ಮಗಳ ಜೀನ್ ರಿಪೋರ್ಟ್ ಕೈಯಲ್ಲಿದ್ದರೆ ಮುಂದಿನ ಬಸಿರಿನಲ್ಲಿ ಮೊದಲೇ ಪರೀಕ್ಷೆ ಮಾಡಬಹುದು.

---

ಪುಟ್ಟಿಯ_ಅಪ್ಪ (ದಾವಣಗೆರೆ)

ಒಬ್ಬ ಮಗ ಇದ್ದಾನೆ, 4 ವರ್ಷ. ಅವನ ತಲೆಯೂ ದೊಡ್ಡದೇ, ಆದರೆ ಏನೂ ತೊಂದರೆ ಇಲ್ಲ. ಅವನಿಗೆ ಎಂಆರ್‌ಐ ಬೇಕಾ? ಸಿರಪ್ ಬದಲಿಸಿಕೊಟ್ಟಿದ್ದಾರೆ ಸರ್.

---

ರೇಡಿಯಾಲಜಿ_ಹುಬ್ಬಳ್ಳಿ

ಅವನಿಗೆ ಈಗ ಎಂಆರ್‌ಐ ಬೇಡ. ರಕ್ತ, ಮೂತ್ರ ಸಾಕು, ತಂಗಿಯ ಜೀನ್ ರಿಪೋರ್ಟ್ ಬಂದ ಮೇಲೆ ಅವನಿಗೂ ಜೀನ್‌ನ ಅದೇ ಜಾಗ ನೋಡಿಸಿ. ಅವನನ್ನೂ ನಾಳೆ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಬಿಟ್ಟು ಹೋಗಬೇಡಿ. ಉತ್ತರ ಬರುವ ತನಕ ಅವನಿಗೆ ಜ್ವರ ಬಂದು ಊಟ ಬಿಟ್ಟರೆ, ಮಗಳಿಗೆ ಮಾಡುವ ಹಾಗೇ ತಡಮಾಡದೆ ಆಸ್ಪತ್ರೆಗೆ ಒಯ್ದು ಗ್ಲೂಕೋಸ್ ಡ್ರಿಪ್ ಹಾಕಿಸಿ.